ಮೀಚಿಯ ಬೆರಳಿಗೆ ಗೊತ್ತಿದ್ದ ತಲೆ

ಮೀಚಿಯಜ್ಜಿ ಮೊಮ್ಮಗನ ತಲೆ ಬಾಚುತ್ತಿದ್ದುದು ಭಾನುವಾರ ಬೆಳಿಗ್ಗೆ, ಇಂಬಾಬುರ ಬೆಟ್ಟದ ಮೋಡ ಸರಿದು ಅಂಗಳಕ್ಕೆ ಬಿಸಿಲು ಬಿದ್ದ ಮೇಲೆ. ಸಾಯ್ರಿ ಮಣೆಯ ಮೇಲೆ ಬೆನ್ನು ಕೊಟ್ಟು ಕೂರುತ್ತಿದ್ದ, ಅಜ್ಜಿ ಹಿಂದೆ ಜಗಲಿಯ ಅಂಚಿಗೆ. ಅವನಿಗೆ ಹೆಣ್ಣು ಗೊತ್ತಾಗಿತ್ತು. ಆದರೂ ಹೆಂಡತಿ ಮನೆಗೆ ಬರುವ ತನಕ ಗಂಡಸಿನ ಜಡೆ ಮನೆಯ ಹೆಂಗಸರ ಕೈಯಲ್ಲೇ ಇರಬೇಕು. ಒತವಾಲೊ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಗಂಡಸಿಗೆ ಮೀಸೆ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಜಡೆ ಇಲ್ಲದಿದ್ದರೆ ಮಾತ್ರ ನೀನು ಯಾರ ಮಗ ಎಂದು ಕೇಳುತ್ತಾರೆ.

ಮೊದಲೆಲ್ಲ ಬಾಚಣಿಗೆ ಸಿಕ್ಕಿಗೆ ತಗುಲಿ ನಿಂತುಬಿಡುತ್ತಿತ್ತು. ಅಜ್ಜಿ ಒಂದು ಜಗ್ಗು ಜಗ್ಗಿದರೆ ಹುಡುಗ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಈಚೆಗೆ ಬಾಚಣಿಗೆ ಎಲ್ಲೂ ನಿಲ್ಲದೆ ಜಾರಿ ಕೆಳಗೆ ಬರುತ್ತಿತ್ತು. ಬರುವಾಗ ಒಂದು ಹಿಡಿ ಕೂದಲನ್ನೂ ತರುತ್ತಿತ್ತು. ಅಜ್ಜಿ ಅದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಮಣ್ಣಿನ ಗೋಡೆಯ ಸಂದಿಗೆ ತುರುಕುತ್ತಿದ್ದಳು. ಉದುರಿದ ಕೂದಲನ್ನು ಗಾಳಿಗೆ ಬಿಟ್ಟರೆ ಸತ್ತ ಮೇಲೆ ಜೀವ ಅದನ್ನು ಹುಡುಕುತ್ತಾ ಅಲೆಯಬೇಕಾಗುತ್ತದೆ.

ಪಕ್ಕದ ಮನೆಯ ರೊಸೆಂದ ಗೋಡೆಯ ಮೇಲಿಂದ ತಲೆ ಹಾಕಿದಳು.

"ಏನ್ ಮೀಚಿ, ಬೆಳಿಗ್ಗೆ ಬೆಳಿಗ್ಗೆನೇ ಕೋಳಿ ಪುಕ್ಕ ತರೀತಿದ್ದೀಯಾ?"

"ಕೋಳಿ ನಿಮ್ಮನೇದೇ ಅತ್ತೆ, ಸಾರಿಗೆ ಬನ್ನಿ" ಎಂದ ಸಾಯ್ರಿ.

"ನಗಾಡ್ಬೇಡ. ಆ ಟೋಪಿ ಬಿಡು ಅಂತ ಎಷ್ಟು ಸಲ ಹೇಳಿದೀನಿ. ಟೋಪಿ ಒಳಗೆ ತಲೆ ಬೆಂದ್ಹೋಗ್ತದೆ ಕಣೋ."

"ನಿಮ್ ಯಜಮಾನ್ರು ಟೋಪಿ ಹಾಕ್ಕೊಂಡೇ ಮಲಗ್ತಾರಲ್ಲ ಅತ್ತೆ. ಅವರ ಜಡೆ ಎತ್ತು ಕಟ್ಟೋ ಹಗ್ಗ ಇದ್ದಂಗಿದೆ."

"ಅವನ ತಲೆ ಒಳಗೆ ಬೇಯಕ್ಕೆ ಏನಿದೆ ಬಿಡು."

ಮೂವರೂ ನಕ್ಕರು. ನಗುತ್ತಲೇ ಅಜ್ಜಿಯ ಬೆರಳು ಹುಡುಗನ ಹಣೆಯ ಎರಡೂ ಮೂಲೆಗಳನ್ನು ಮುಟ್ಟಿ ನೋಡಿತು. ಅಲ್ಲಿ ಕೂದಲು ಹಿಂದಕ್ಕೆ ಸರಿದಿತ್ತು. ನೆತ್ತಿಯ ಸುಳಿಯ ಸುತ್ತ ಚರ್ಮ ಕಾಣುತ್ತಿತ್ತು. ಮೂಲೆ ಎರಡು, ಸುಳಿ ಒಂದು. ಅಜ್ಜಿ ಬೇಗ ಬೇಗ ಜಡೆ ಹೆಣೆದು ತುದಿಗೆ ಪಟ್ಟಿ ಸುತ್ತಿ, "ಆಯ್ತು, ಏಳು" ಎಂದಳು.

ಸಾಯ್ರಿ ಎದ್ದು ಹೋಗುತ್ತಿದ್ದುದು ಹಿತ್ತಿಲಿಗೆ. ಅಲ್ಲಿ ಅವನ ಬಣ್ಣದ ಹಂಡೆಗಳಿದ್ದವು. ಊರಿನ ನೇಯ್ಗೆಯವರೆಲ್ಲ ಡಬ್ಬಿಯ ಬಣ್ಣಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು. ಇವನೊಬ್ಬ ಅಕ್ರೋಟಿನ ಸಿಪ್ಪೆ ಕೊಳೆಹಾಕಿ ಕಂದು ತೆಗೆಯುತ್ತಿದ್ದ, ಪಾಪಾಸುಕಳ್ಳಿಯ ಮೇಲಿನ ಹುಳು ಅರೆದು ಕೆಂಪು ತೆಗೆಯುತ್ತಿದ್ದ, ನೀಲಿಯ ಹಂಡೆಯ ಮುಂದೆ ಹೆರಿಗೆಗೆ ಕಾದಂತೆ ಕೂತಿರುತ್ತಿದ್ದ. ಕಲಿಸಿದವನು ತಾತ ಹಿಲಾರಿಯೊ, ಮೀಚಿಯ ಗಂಡ. ಹಂಡೆಗಳೂ ಅವನವೇ. ಹುಡುಗ ಶಾಲೆಯಲ್ಲಿ ದಡ್ಡ, ಮಾತಿನಲ್ಲಿ ಒರಟ. ಆದರೆ ಒದ್ದೆ ಉಣ್ಣೆಯನ್ನು ಮೂಗಿಗೆ ಹಿಡಿದು ಇನ್ನೊಂದು ಕುದಿ ಬೇಕು ಎಂದರೆ ಅದು ಬೇಕೇ ಆಗಿರುತ್ತಿತ್ತು. ಹಂಡೆಯ ಮುಂದೆ ಕೂತಾಗ ಅವನ ಮುಖದಲ್ಲಿ ಒಂದು ಸಮಾಧಾನ ಬರುತ್ತಿತ್ತು. ಅದು ಬೇರೆಲ್ಲೂ ಬರುತ್ತಿರಲಿಲ್ಲ.

ಹೆಣ್ಣಿನ ತಂದೆ ಪಿಕ್ವಾಸಿ ಮಾತು ಗಟ್ಟಿ ಮಾಡಲು ಬುಟ್ಟಿ ಹೊತ್ತುಕೊಂಡು ಬಂದ ದಿನ ಮನೆ ತುಂಬ ಜನ. ಹುರಿದ ಗಿನಿಪಿಗ್, ಆಲೂಗಡ್ಡೆ, ಬೇಯಿಸಿದ ಬಿಳಿ ಜೋಳ, ಹಣ್ಣು ಎಲ್ಲ ತಂದಿದ್ದ. ಊಟ ಮಾಡುವಾಗ ಸಾಯ್ರಿ ಹಿರಿಯರ ಮುಂದೆ ಟೋಪಿ ತೆಗೆದ. ಪಿಕ್ವಾಸಿಯ ಕೈ ತಟ್ಟೆಯಲ್ಲೇ ನಿಂತಿತು.

"ತಪ್ಪು ತಿಳೀಬೇಡಿ ಬೀಗ್ತಿ" ಎಂದು ಅವನು ಸಾಯ್ರಿಯ ತಾಯಿ ಲುಸ್ಮಿಲಾಳ ಕಡೆ ತಿರುಗಿದ. "ನಮ್ಮೋರಲ್ಲಿ ಬೋಳುತಲೆ ಅಂತ ನಾನು ಈ ವಯಸ್ಸಿಗೂ ನೋಡಿಲ್ಲ. ಅದೇನಿದ್ರೂ ಪೇಟೆ ಮಿಶುಗಳಿಗೆ. ಬ್ಯಾಂಕಿಗೆ ಹೋಗಿ ನೋಡಿ, ಒಂದೊಂದು ಮೇಜಿಗೆ ಒಂದೊಂದು ದೀಪ ಹಚ್ಚಿಟ್ಟಂಗಿರ್ತದೆ."

ಮಿಶು ಎಂದರೆ ಬಿಳಿ ರಕ್ತ ಬೆರೆತ ಸ್ಪ್ಯಾನಿಷ್ ಮಾತಿನ ಮಂದಿ. ಜನ ಕಿಸಕ್ಕನೆ ನಕ್ಕರು. ಪಿಕ್ವಾಸಿಗೆ ಹುರುಪು ಬಂತು.

"ಏನ್ ಅಳಿಯಂದ್ರೇ, ನಿಮ್ಮನೆ ಬೇಲೀನ ಯಾವನಾದ್ರೂ ಮಿಶು ಹಾರಿದ್ನೇನ್ರೀ?"

ಈಗ ಮನೆಯೇ ಹಾರಿಹೋಗುವ ಹಾಗೆ ನಗು. ಲುಸ್ಮಿಲಾ ಶಾಲಿನ ಅಂಚಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕಳು. ಮೀಚಿಯೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ಜೋಳ ತರುವೆನೆಂದು ಒಳಗೆ ಹೋದವಳು ಒಲೆಯ ಮುಂದೆ ಬಹಳ ಹೊತ್ತು ನಿಂತಳು.

ಮೀಚಿಯ ಕೈಗೆ ಆ ತಲೆ ಹೊಸದಲ್ಲ.

ಅವಳು ಹುಟ್ಟಿದ್ದು ಜಮೀನ್ದಾರನ ಹೊಲದ ಅಂಚಿನ ಗುಡಿಸಲಿನಲ್ಲಿ. ಗುಡಿಸಲಿಗೆ ಜಾಗ ಕೊಟ್ಟದ್ದಕ್ಕೆ ಅಪ್ಪ ಹೊಲದಲ್ಲಿ ದುಡಿಯಬೇಕು, ಮನೆಯ ಹೆಣ್ಣುಮಕ್ಕಳು ಸರದಿ ಬಂದಾಗ ದೊಡ್ಡಮನೆಯ ಚಾಕರಿಗೆ ಹೋಗಬೇಕು. ಮೀಚಿ ದೊಡ್ಡವಳಾದ ವರ್ಷ ಧಣಿಯ ಮಗ ಓದು ಮುಗಿಸಿ ಕೀತೊ ಪಟ್ಟಣದಿಂದ ಬಂದಿದ್ದ. ಚಿಕ್ಕ ವಯಸ್ಸು, ಬಿಳಿ ಅಂಗಿ, ತಲೆಯಲ್ಲಿ ಕೂದಲು ನಿಲ್ಲುತ್ತಿರಲಿಲ್ಲ. ಅದೇ ಅವನಿಗೆ ದೊಡ್ಡ ಯೋಚನೆ. ಬೆಟ್ಟದ ನೀರು ಗಡಸು ಎನ್ನುವನು, ಟೋಪಿಯ ಉಣ್ಣೆ ಸರಿಯಿಲ್ಲ ಎನ್ನುವನು, ಅಡುಗೆಯವಳ ಹಂದಿ ಕೊಬ್ಬು ಹಳೆಯದು ಎನ್ನುವನು. ದಿನಾ ಬೆಳಿಗ್ಗೆ ಒಳಂಗಳದಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದ. ತುರುಚೆ ಸೊಪ್ಪು ಕುದಿಸಿದ ನೀರು ಹೊಯ್ದು ತಲೆ ಉಜ್ಜುವ ಕೆಲಸ ಮೀಚಿಯದು. ಒಂದು ವಾರ ಕತ್ತಾಳೆ ರಸ, ಒಂದು ವಾರ ಮೊಟ್ಟೆಯ ಹಳದಿ, ಒಂದು ವಾರ ಬೆಳ್ಳುಳ್ಳಿ. "ಗಟ್ಟಿಯಾಗಿ ಉಜ್ಜೇ, ನಿನ್ನ ಕೈಯಲ್ಲಿ ಶಕ್ತಿ ಇಲ್ವಾ" ಎಂದು ಗದರುತ್ತಿದ್ದ. ಅವಳು ಉಜ್ಜಿದಳು. ಉಜ್ಜಿದಷ್ಟೂ ಅವಳ ಬೆರಳಿಗೆ ಮೂಲೆ ಎರಡು, ಸುಳಿ ಒಂದು ಇನ್ನೂ ನುಣ್ಣಗೆ ಸಿಗುತ್ತಿದ್ದವು. ಒಂದು ದಿನ ಅವನು ತಲೆ ಒರೆಸಲು ಕೋಣೆಗೆ ಬಾ ಎಂದು ಕರೆದ. ಬಾಗಿಲು ಹಾಕಿಕೊಂಡ. ಚಾಕರಿಯ ಹುಡುಗಿ ಕೂಗಿದರೆ ಆ ಮನೆಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹೊಟ್ಟೆ ಕಾಣುವ ಮೊದಲೇ ಹಿಲಾರಿಯೊ ಬಂದ. ಅವಳ ಅಪ್ಪನ ಜೊತೆ ಎರಡು ಮಾತಾಡಿ ಆಮೇಲೆ ಅವಳ ಹತ್ತಿರ ಬಂದು, "ಮಗೂಗೆ ಒಬ್ಬ ಅಪ್ಪ ಬೇಕಲ್ಲ. ನಂಗೂ ಮನೇಲಿ ಯಾರೂ ಇಲ್ಲ" ಎಂದ. ಅಷ್ಟೇ. ಮತ್ತೆ ಬದುಕಿರುವ ತನಕ ಅವನು ಆ ಮಾತು ಎತ್ತಲಿಲ್ಲ. ಹುಟ್ಟಿದವಳು ಲುಸ್ಮಿಲಾ. ಅವಳನ್ನು ಬೆನ್ನಿಗೆ ಕಟ್ಟಿಕೊಂಡೇ ಹಿಲಾರಿಯೊ ಹಂಡೆ ಕಲಕಿದ, ಸಂತೆಗೆ ಹೋದ, ಹಬ್ಬದಲ್ಲಿ ಕುಣಿದ. ಭೂಮಿಯ ಕಾನೂನು ಬಂದು ಧಣಿಗಳು ಮನೆ ಮಾರಿ ಎಲ್ಲಿಗೋ ಹೋದರು. ಬಲ್ಲವರೆಲ್ಲ ಒಬ್ಬೊಬ್ಬರಾಗಿ ಮಣ್ಣಾದರು. ಮೀಚಿಗೂ ಮರೆತಂತೆಯೇ ಆಗಿತ್ತು. ಈಗ ಅದು ತನ್ನ ಮುದ್ದಿನ ಮೊಮ್ಮಗನ ತಲೆಯ ಮೇಲೆ ಬಂದು ಕೂತಿತ್ತು.

ಪಿಕ್ವಾಸಿ ಒಳ್ಳೆಯ ಮನುಷ್ಯ. ಕಾಯಿಲೆಯಾದರೆ ವಾಸಿ ಮಾಡೋಣ ಎಂದು ತಾನೇ ಮದ್ದಿನ ತೈತನನ್ನು ಕರೆತಂದ. ತೈತ ಎಂದರೆ ನಾವು ಹಿರಿಯರಿಗೆ ಅನ್ನುವ ಮಾತು. ಈ ತೈತ ಒಂದು ಕಪ್ಪು ಗಿನಿಪಿಗ್ ಹಿಡಿದು ಸಾಯ್ರಿಯ ತಲೆಯಿಂದ ಪಾದದ ತನಕ ಸವರಿದ, ಆಮೇಲೆ ಅದನ್ನು ಸೀಳಿ ಒಳಗೆ ನೋಡಿದ. ನೋಡಿ ತಲೆ ಅಲ್ಲಾಡಿಸಿದ.

"ನಿನ್ನ ಕಸುಬೇನಪ್ಪ?"

"ಬಣ್ಣ ಅದ್ದೋದು ತೈತ."

"ನೀರು?"

"ಹಿತ್ತಿಲಲ್ಲಿ ಉಕ್ಕೋ ಊಟೆದು."

"ಅಲ್ಲಿಗೆ ಆಯ್ತು ನೋಡು. ಊಟೆ ಇದ್ದಲ್ಲಿ ಕಾಮನಬಿಲ್ಲು ಮಲಗಿರ್ತದೆ. ನೀನು ಅದರ ಬಾಯಿಂದ ಕೆಂಪು, ಹಸಿರು, ನೀಲಿ ಕಿತ್ಕೊಂಡು ಉಣ್ಣೆಗೆ ಹಾಕ್ತೀಯ. ಅದು ಸುಮ್ನಿರ್ತದಾ? ನಿನ್ನ ತಲೇಲಿರೋ ಕಪ್ಪನ್ನ ತಗೊಂಡು ಹೋಗ್ತಿದೆ."

ಕಾಮನಬಿಲ್ಲು ಹಿಡಿಯುವುದು ನಮ್ಮಲ್ಲಿ ಎಲ್ಲರೂ ಬಲ್ಲ ಕಾಯಿಲೆ. ಊಟೆಯ ಹತ್ತಿರ ಹೊತ್ತಲ್ಲದ ಹೊತ್ತಿನಲ್ಲಿ ಹೋದ ಹೆಂಗಸರಿಗೆ ಹಿಡಿಯುತ್ತದೆ, ಅಲ್ಲಿ ಉಚ್ಚೆ ಹೊಯ್ದ ಗಂಡಸರಿಗೂ ಹಿಡಿಯುತ್ತದೆ. ಬಣ್ಣಗಾರನಿಗೆ ಹಿಡಿದದ್ದನ್ನು ಯಾರೂ ಕೇಳಿರಲಿಲ್ಲ, ಆದರೆ ಕೇಳಿದ ಕೂಡಲೇ ಎಲ್ಲರಿಗೂ ಸರಿ ಎನಿಸಿತು. ರೊಸೆಂದ ಕೆನ್ನೆ ಬಡಿದುಕೊಂಡಳು. "ಅಲ್ಲ ತೈತ" ಎಂದು ಮೀಚಿ ಮೆಲ್ಲಗೆ ಬಾಯಿ ಹಾಕಿದಳು, "ನನ್ನ ಗಂಡ ಇದೇ ನೀರಲ್ಲಿ ಜೀವಮಾನವೆಲ್ಲ ಬಣ್ಣ ಹಾಕಿದ್ರು. ಅವ್ರಿಗೆ ಏನೂ ಆಗ್ಲಿಲ್ಲ."

"ಆವಾಗಿನ ಜನ ಕಾಣಿಕೆ ಇಡ್ತಿದ್ರಮ್ಮ. ಈಗಿನ ಹುಡುಗ್ರು ಮೊಬೈಲು ಹಿಡ್ಕೊಂಡು ಕಲಕ್ತಾರೆ."

ಅದಕ್ಕೆ ಎಲ್ಲರೂ ಹೂಂ ಎಂದರು. ಮಾರನೆಯ ದಿನ ಸಾಯ್ರಿ ಹಂಡೆಗಳನ್ನು ಬೋರಲು ಹಾಕಿದ. ಆದರೆ ನೀಲಿಯ ಹಂಡೆಯನ್ನು ಮಾತ್ರ ಚೆಲ್ಲಲಿಲ್ಲ, ಮುಚ್ಚಳ ಮುಚ್ಚಿಟ್ಟ. "ನೀಲಿ ಹುದುಗು ಒಂದ್ಸಲ ಸತ್ರೆ ಮತ್ತೆ ಏಳಿಸೋದು ಕಷ್ಟ ಅಜ್ಜಿ. ಡಾಕ್ಟ್ರನ್ನೂ ಒಂದ್ಸಲ ಕೇಳಿಬಿಡ್ತೀನಿ. ಅವ್ರು ಪರವಾಗಿಲ್ಲ ಅಂದ್ರೆ ಮಾವನ್ನ ಒಪ್ಪಿಸ್ಬಹುದು" ಎಂದ.

ಇಬಾರ್ರಾ ಪಟ್ಟಣದ ಡಾಕ್ಟರ ಹತ್ತಿರ ಹೊರಟಾಗ ಮೀಚಿ ತಾನೂ ಬರುವೆನೆಂದು ಹಟ ಮಾಡಿ ಬಸ್ಸು ಹತ್ತಿದಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮರ್ಯಾದೆಯಿಂದ ಅಜ್ಜಿಗೂ ಕುರ್ಚಿ ಕೊಟ್ಟಳು. ಸಾಯ್ರಿಯ ತಲೆಯನ್ನು ದೀಪದ ಕೆಳಗೆ ಬಗ್ಗಿಸಿ ನೋಡಿದಳು. ಸ್ಪ್ಯಾನಿಷ್ ಮಾತು ಮೀಚಿಯ ಬಾಯಲ್ಲಿ ಹೊರಳುವುದಿಲ್ಲ, ಕಿವಿಗೆ ಮಾತ್ರ ಎಲ್ಲ ಗೊತ್ತಾಗುತ್ತದೆ. ದೊಡ್ಡಮನೆಯ ಚಾಕರಿಯಲ್ಲಿ ಕಲಿತದ್ದು.

"ನಿಮ್ಮಪ್ಪನ ತಲೆ ಹೇಗಿದೆ?"

"ಕುದುರೆ ಬಾಲ ಇದ್ದಂಗಿದೆ. ಕೊಲಂಬಿಯಾದಲ್ಲಿ ವ್ಯಾಪಾರ ಮಾಡ್ತಾರೆ, ಅಲ್ಲಿಯೋರು ಅದನ್ನೇ ಕೊಂಡ್ಕೊಳ್ತೀವಿ ಅಂತಾರಂತೆ."

ಡಾಕ್ಟರಮ್ಮ ನಕ್ಕಳು. "ತಾಯಿಯ ಅಪ್ಪನದು? ನೋಡಿದ್ರೆ ಇದು ವಂಶದಲ್ಲಿ ಬರೋ ಥರಾನೇ ಇದೆ. ಎಷ್ಟೋ ಸಲ ಆ ಕಡೆಯಿಂದ ಬರುತ್ತೆ. ಹೆಣ್ಣುಮಗಳಿಗೆ ಏನೂ ಆಗಿರಲ್ಲ, ಅವಳ ಮಗನಿಗೆ ಬರುತ್ತೆ."

ಸಾಯ್ರಿಯ ಮುಖ ಅರಳಿತು. "ನಮ್ಮ ತಾತಂದಾ? ಹೆಣದ ಪೆಟ್ಟಿಗೇಲಿ ಮಲಗಿಸಿದಾಗ್ಲೂ ಜಡೆ ಎದೆ ಮೇಲೆ ಮಡಿಸಿ ಇಡ್ಬೇಕಾಯ್ತು. ಅಜ್ಜಿನೇ ಹೆಣೆದಿದ್ದು. ಬೇಕಾದ್ರೆ ಕೇಳಿ."

ಡಾಕ್ಟರಮ್ಮ ಮೀಚಿಯ ಕಡೆ ತಿರುಗಿದಳು. "ಹೌದಾ ಅಜ್ಜಿ?"

ಹೌದು. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಹಿಲಾರಿಯೊನ ಆ ತಣ್ಣನೆಯ ದಪ್ಪ ಜಡೆ ಅವಳ ಅಂಗೈಯಲ್ಲಿ ಈಗಲೂ ಇತ್ತು. ಮೀಚಿ ತಲೆಯಾಡಿಸಿದಳು.

"ವಿಚಿತ್ರ. ವಂಶದ್ದಾಗಿದ್ರೆ ನಾನು ಹೇಳಿಬಿಡ್ತಿದ್ದೆ, ಇದಕ್ಕೆ ಹೆಚ್ಚೇನೂ ಮಾಡಕ್ಕಾಗಲ್ಲ, ನೆಮ್ಮದಿಯಾಗಿ ನಿನ್ನ ಕೆಲಸ ನೋಡ್ಕೋ ಅಂತ. ಏನು ಕೆಲಸ ನಿಂದು?"

ಅವನು ನೀಲಿ ಹತ್ತಿದ ಉಗುರು ತೋರಿಸಿದ.

"ಹಬೆ ಮುಖಕ್ಕೆ ಹೊಡೆಯುತ್ತಾ? ಬಣ್ಣ ಹಿಡಿಯೋದಕ್ಕೆ ಏನು ಹಾಕ್ತೀಯ?"

"ಪಟಿಕ, ಸುಣ್ಣ, ಬೂದಿ. ನೀಲಿಗೆ ಹಳೇ ಉಚ್ಚೆ."

"ಹಾಗಾದ್ರೆ ಸ್ವಲ್ಪ ಕಾಲ ಬಿಟ್ಟು ನೋಡು. ಬೇರೆ ಕಾರಣ ನನಗೆ ಕಾಣಿಸ್ತಿಲ್ಲ."

ಈ ಹುಡುಗಿಯೊಬ್ಬಳಿಗೆ ಮೀಚಿ ಹೇಳಬಹುದಿತ್ತು, ಸಾಯ್ರಿಯನ್ನು ಹೊರಗೆ ಕಳಿಸಿ. ಆದರೆ ಸ್ಪ್ಯಾನಿಷ್‌ನಲ್ಲಿ ಅದನ್ನು ಹೇಳಲು ಅವಳಿಗೆ ಗೊತ್ತಿದ್ದುದು ದೊಡ್ಡಮನೆಯವರು ಅವಳಿಗೆ ಬೈದ ಮಾತುಗಳು ಮಾತ್ರ. ಅಷ್ಟರಲ್ಲಿ ಮುಂದಿನ ರೋಗಿ ಬಾಗಿಲು ತಳ್ಳಿಕೊಂಡು ಬಂದ.

ಬಸ್ಸಿನಲ್ಲಿ ಸಾಯ್ರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಊರು ಹತ್ತಿರ ಬಂದಾಗ, "ಹೋಗ್ಲಿ ಬಿಡಜ್ಜಿ. ರಕ್ತದಲ್ಲಿ ಬಂದಿದ್ದಲ್ಲ ಅಂತ ಗೊತ್ತಾಯ್ತಲ್ಲ" ಎಂದ. "ಮಾವನಿಗೆ ಅದನ್ನಾದ್ರೂ ಹೇಳ್ಬಹುದು. ಹಂಡೆ ಬಿಟ್ರೆ ವಾಸಿಯಾಗ್ತದೆ."

ಪಿಕ್ವಾಸಿ ಕೇಳಿ ಬಹಳ ಸಂತೋಷಪಟ್ಟ. ತೈತ ಹೇಳಿದ್ದೂ ಡಾಕ್ಟರು ಹೇಳಿದ್ದೂ ಒಂದೇ ಆದ ಮೇಲೆ ಇನ್ನೇನು ಮಾತು? ಹಂಡೆ ಮನೆಯಲ್ಲಿದ್ದರೆ ಹುಡುಗನ ಕೈ ಸುಮ್ಮನಿರುವುದಿಲ್ಲ, ಮಾರಿಬಿಡಿ, ನನ್ನ ಅಂಗಡಿಯಲ್ಲಿ ಕೂರಲಿ ಎಂದ. ಅವನ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಚಪ್ಪಲಿ. ಸಾಯ್ರಿ ಹೂಂ ಎಂದ. ಅವನು ಅಚಿಕ್‌ಳನ್ನು, ಆ ಪಿಕ್ವಾಸಿಯ ಮಗಳನ್ನು, ಮನಸಾರೆ ಮೆಚ್ಚಿದ್ದ.

ಮೀಚಿ ಮಗಳ ಹತ್ತಿರ ಹೋದಳು. ಲುಸ್ಮಿಲಾ ಅಡುಗೆಮನೆಯಲ್ಲಿ ಅವರೆಯಂಥ ಕಾಯಿ ಸುಲಿಯುತ್ತಾ ಕೂತಿದ್ದಳು. ಮೀಚಿಯೂ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದಳು.

"ಹಂಡೆ ಮಾರಿಸ್ಬೇಡ ಕಣೇ. ಬಣ್ಣದಿಂದ ಆಗಿದ್ದಲ್ಲ ಅದು."

"ಮತ್ತೆ ಯಾತರಿಂದವ್ವ?"

ಮೀಚಿ ಕಾಯಿ ಸುಲಿದಳು. "ನಾನು ದೊಡ್ಡಮನೆ ಚಾಕರಿಗೆ ಹೋಗ್ತಿದ್ನಲ್ಲ..."

ಲುಸ್ಮಿಲಾಳ ಕೈ ನಿಂತಿತು. ತಾಯಿಯ ಮುಖ ನೋಡಿದಳು. ಚಿಕ್ಕವಳಿದ್ದಾಗ ಯಾರೋ ಮುದುಕಿಯರು ಅವಳ ಮೂಗು ನೋಡಿ ಪಿಸುಗುಟ್ಟಿದ್ದು, ಅಪ್ಪ ಅವರ ಮೇಲೆ ಕೋಲು ಎತ್ತಿದ್ದು, ಇವೆಲ್ಲ ಅವಳಿಗೆ ನೆನಪಾಯಿತೋ ಏನೋ.

"ಬೇಡವ್ವ."

"ಕೇಳು ಮಗಾ, ಹುಡುಗನ ಕಸುಬು ಹೋಗ್ತದೆ..."

"ಹೋಗ್ಲಿ. ನನ್ನನ್ನ ಬೆನ್ನಿಗೆ ಕಟ್ಕೊಂಡು ಸಾಕ್ದೋನು ನಮ್ಮಪ್ಪ. ಸತ್ತಾಗ ಗಂಡುಮಗನ ಹಂಗೆ ಅವ್ನ ಹೆಣದ ಮುಂದೆ ನಡೆದಿದೀನಿ. ಹಂಡೆ ಮಾರಿದ್ರೆ ಮಾರ್ಲಿ, ನಮ್ಮಪ್ಪನ್ನ ನಾನು ಮಾರಲ್ಲ." ಅವಳು ಸುಲಿದ ಕಾಳಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. "ನೀನು ಒಂದು ಮಾತಾಡಿದ್ರೂ ಪಿಕ್ವಾಸಿ ಮನೆ ತನಕ ಹೋಗ್ತದೆ. ಮದ್ವೆನೂ ಹೋಗ್ತದೆ. ನಂಗೆ ಏನೂ ಹೇಳ್ಬೇಡ. ನಾನು ಏನೂ ಕೇಳಿಲ್ಲ."

ಮಗಳ ಕಣ್ಣಿಂದ ನೀರು ಕಾಳಿನ ಮೇಲೆ ಬೀಳುತ್ತಿತ್ತು. ಮೀಚಿ ಒರೆಸಲು ಕೈ ಚಾಚಿದರೆ ಅವಳು ಹಿಂದಕ್ಕೆ ಸರಿದಳು.

ಹಂಡೆ ಕೊಳ್ಳಲು ಬಂದವನು ಹೋಟೆಲಿನವನು, ಅವುಗಳಲ್ಲಿ ಹೂಗಿಡ ಹಾಕುತ್ತಾನಂತೆ. ಲಾರಿ ಬಾಗಿಲಲ್ಲಿ ನಿಂತಿತ್ತು, ಉಳಿದ ಹಂಡೆಗಳು ಆಗಲೇ ಅದಕ್ಕೆ ಏರಿದ್ದವು. ಸಾಯ್ರಿ ನೀಲಿಯ ಹಂಡೆಯ ಮುಚ್ಚಳ ತೆಗೆದು ಒಳಗೆ ನೋಡಿದ. ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿತ್ತು, ಒಳಗೆ ಜೀವ ಇತ್ತು. ಅವನು ಹಂಡೆಯನ್ನು ಬಗ್ಗಿಸಿದ. ಅಂಗಳದ ಮಣ್ಣಿನಲ್ಲಿ ಹಸಿರಾಗಿ ಹರಿದದ್ದು ನೋಡುನೋಡುತ್ತಿದ್ದಂತೆ ನೀಲಿಯಾಯಿತು.

ಮೀಚಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಅವನ ತೋಳು ಹಿಡಿದಳು.

"ಬೇಡ ಕಂದ. ಬಣ್ಣದಿಂದಲ್ಲ ಅದು. ನನ್ನ ಮಾತು ನಂಬು."

"ನಿಂಗೆ ಹೆಂಗೆ ಗೊತ್ತಜ್ಜಿ?"

"ನನ್ನ ಕೈಗೆ ಗೊತ್ತು."

"ಮತ್ತೆ ಯಾತರಿಂದ? ಹೇಳು. ನೀನು ಹೇಳಿದ್ರೆ ಈಗ್ಲೇ ಇಳಿಸ್ತೀನಿ."

ಅವನು ನಿಜವಾಗಿಯೂ ಕಾದ. ಲಾರಿಯವನು ಹಾರ್ನ್ ಹೊಡೆದ. ಮೀಚಿ ಅವನ ಮುಖ ನೋಡಿದಳು, ಹಿಲಾರಿಯೊ ಹಂಡೆ ಕಲಕುವಾಗ ಮಾಡುತ್ತಿದ್ದ ಹಾಗೆಯೇ ಹುಬ್ಬು ಗಂಟಿಕ್ಕಿದ್ದ. ರಕ್ತದಿಂದ ಬಂದದ್ದಲ್ಲ ಅದು, ಪಕ್ಕದಲ್ಲಿ ಕೂತು ಕೂತು ಬಂದದ್ದು. ಈ ಮುಖಕ್ಕೆ ಆ ಇನ್ನೊಬ್ಬನ ಹೆಸರು ಹೇಗೆ ಹೇಳುವುದು?

"ಕೆಲವ್ರಿಗೆ ಸುಮ್ನೆ ಉದುರ್ತದೆ" ಎಂದಳು.

ಸಾಯ್ರಿ ನಕ್ಕು ಅವಳ ಕೈಯನ್ನು ಮೆಲ್ಲಗೆ ಬಿಡಿಸಿದ. "ಡಾಕ್ಟ್ರಿಗಿಂತ ನೀನೇ ವಾಸಿ ಅಜ್ಜಿ" ಎಂದು ಹಂಡೆ ಎತ್ತಲು ಹೋದ.

ಮದುವೆ ಚೆನ್ನಾಗಿ ಆಯಿತು. ಗುಲಾಬಿ ದಳ ಹಾಕಿದ ನೀರಿನಲ್ಲಿ ಹಿರಿಯರು ಗಂಡುಹೆಣ್ಣಿನ ಮುಖ, ಕೈಕಾಲು ತೊಳೆದರು. ಅಚಿಕ್ ಒಳ್ಳೆಯ ಹುಡುಗಿ. ಭಾನುವಾರದ ಬಾಚಣಿಗೆ ಅವಳ ಕೈಗೆ ಹೋಯಿತು. ಸಾಯ್ರಿ ದಿನಾ ಅಂಗಡಿಗೆ ಹೋಗಿ ಬಕೆಟ್ಟುಗಳ ನಡುವೆ ಕೂತು ಬರುತ್ತಿದ್ದ, ಸಂಜೆ ಮೊದಲು ಅದ್ದಿಟ್ಟಿದ್ದ ಉಣ್ಣೆಯನ್ನು ಮಗ್ಗದಲ್ಲಿ ನೇಯುತ್ತಿದ್ದ. ಉಗುರಿನ ನೀಲಿ ಹೋಯಿತು. ಮಾತು ಕಡಿಮೆಯಾಯಿತು. ಕೂದಲು ಉದುರುವುದು ನಿಲ್ಲಲಿಲ್ಲ.

ಒಂದು ಭಾನುವಾರ ಪಿಕ್ವಾಸಿ ಬಂದಿದ್ದ. ಮಗಳು ಗಂಡನ ತಲೆ ಬಾಚುವುದನ್ನು ನೋಡುತ್ತಾ ನಿಂತ. ಈಗ ಜಡೆ ಇಲಿಯ ಬಾಲದಷ್ಟಾಗಿತ್ತು.

"ಮಗ್ಗದ ಮೇಲೆ ಇನ್ನೂ ಕೂರ್ತಾರಾ?" ಎಂದು ಕೇಳಿದ.

"ಸಂಜೆ ಹೊತ್ತು ಕೂರ್ತಾರಪ್ಪ" ಎಂದಳು ಅಚಿಕ್.

"ಹಂಗಾದ್ರೆ ಆ ಉಣ್ಣೇಲಿ ಹಳೇ ಬಣ್ಣದ ವಿಷ ಇರ್ತದೆ. ಅದನ್ನೂ ಬಿಡ್ಬೇಕು. ನಾನು ತೈತನ್ನ ಕೇಳ್ಕೊಂಡು ಬರ್ತೀನಿ."

ಸಾಯ್ರಿ ಮಣೆಯ ಮೇಲೆ ಕೂತಲ್ಲಿಂದಲೇ ಜಗಲಿಯ ಕಡೆ ತಿರುಗಿದ. ಮೀಚಿ ಅಲ್ಲಿ ನೂಲು ಸುತ್ತುತ್ತಿದ್ದಳು.

"ಇನ್ನೂ ಏನೇನು ಬಿಡ್ಲಿ ಅಜ್ಜಿ?"

ಬಾಗಿಲಲ್ಲಿ ಲುಸ್ಮಿಲಾ ಸೌಟು ಹಿಡಿದು ನಿಂತಿದ್ದಳು. ಮೀಚಿಯ ಕೈಯಲ್ಲಿ ನೂಲು ನಿಂತಿತು. ಎಲ್ಲರೂ ಅವಳ ಕಡೆ ನೋಡಿದರು. ಮುದುಕಿಯರಿಗೆ ಏನಾದರೂ ಹಳೆಯ ಮದ್ದು ಗೊತ್ತಿರುತ್ತದೆ ಎನ್ನುವ ಆಸೆ ಪಿಕ್ವಾಸಿಯ ಮುಖದಲ್ಲೂ ಇತ್ತು.

"ಅಜ್ಜೀಗೆ ಏನ್ ಗೊತ್ತಿರ್ತದೆ ಪಾಪ" ಎಂದಳು ಅಚಿಕ್, ಗಂಡನ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿ. "ಅಲ್ಲಾಡ್ಬೇಡಿ, ಇನ್ನೊಂದೇ ಎಳೆ ಇರೋದು."